ಅತ್ತೆಯ ಮುನಿಸು

ಫೆಬ್ರವರಿ 9, ಬೆಳಿಗ್ಗೆ
ಇಷ್ಟು ಹೊತ್ತು ಪಾತ್ರೆ. ಈಗ ಪುಸ್ತಕ. ಲ್ಯಾಬ್ ಟೆಕ್ನಿಷಿಯನ್ ಕೋರ್ಸು, ಮುಂದಿನ ತಿಂಗಳು ಕೊನೆಯ ಪರೀಕ್ಷೆ. ಮಗು ಅತ್ತೆ ಮಡಿಲಲ್ಲಿ. ಅದಕ್ಕೆ ಪೇಪರ್ ಓದಿ ಹೇಳ್ತಿದಾರೆ, ಒಂದೊಂದೇ ಅಕ್ಷರ ಕೂಡಿಸಿ. ಹೆಂಗಸರ ಕ್ಲಾಸಿಗೆ ಹೋಗಿ ಓದು ಕಲಿತದ್ದು ಹೋದ ವರ್ಷ. ಮೊನ್ನೆ ಅಂಗಡಿ ಬೋರ್ಡ್ ಓದ್ತಾ ನಿಂತು ಬಸ್ಸೇ ತಪ್ಪಿಸಿಕೊಂಡರು!
"ಇವಳು ಓದಿ ಏನಾಗಬೇಕು?" ಅಂತ ನನ್ನ ಗಂಡ ಶುರುಮಾಡಿದರೆ ಅತ್ತೆ ಬಿಡಲ್ಲ. "ಮಗುನ ನಾನು ನೋಡ್ಕೋತೀನಿ. ನಿನ್ನ ಗಂಟೇನು ಹೋಯ್ತು?"

ಫೆಬ್ರವರಿ 21
ಬರೆಯೋಕೇ ಆಗಿರಲಿಲ್ಲ. ಆಸ್ಪತ್ರೆ. ಬೆಳಗಿನ ನಮಾಜಿಗೆ ಎದ್ದ ಅತ್ತೆ ಅಲ್ಲೇ ಕುಸಿದರು. ಲಕ್ವ. ಬಲಗಡೆ ಸ್ವಾಧೀನವಿಲ್ಲ. ಮಾತು ಹೋಗಿದೆ.
ಇವತ್ತು ಮನೆಗೆ ಕರಕೊಂಡು ಬಂದ್ವಿ. ಪೇಪರ್ ಕೈಗಿಟ್ಟೆ. ತಲೆಕೆಳಗಾಗಿ ಹಿಡಿದರು. ನೋಡಿದರು… ನೋಡಿದರು… ಕೆಳಗಿಟ್ಟರು. ಅಕ್ಷರ ಹೋಗಿವೆ ಅಂತ ಅವರಿಗೇ ಗೊತ್ತಾಗಿದೆ.
ಕೊಡಬಾರದಿತ್ತು.

ಫೆಬ್ರವರಿ 25
ಊಟಕ್ಕೆ ಕೂತಾಗ ಇವರೇ ಮಾತು ತೆಗೆದರು. "ಇನ್ನು ಕಾಲೇಜು ಸಾಕಲ್ವಾ?"
"ಪರೀಕ್ಷೆ ಮಾತ್ರ. ನೀವು ಅಂಗಡಿ ಸ್ವಲ್ಪ ತಡವಾಗಿ ತೆಗೆದ್ರೆ…"
"ಅಮ್ಮಿ ಬಟ್ಟೆ ನಾನು ಬದಲಾಯಿಸ್ಲಾ?"
ಬೈದಿದ್ದರೆ ಜಗಳ ಆಡಬಹುದಿತ್ತು. ಬೈಯಲಿಲ್ಲ.

ಮಾರ್ಚ್ 12
ಥಿಯರಿ ಪರೀಕ್ಷೆ ಇತ್ತು. ಹೋಗಲಿಲ್ಲ.
ಬೆಳಿಗ್ಗೆ ಅತ್ತೆ ಗಡಿಯಾರ ನೋಡಿದರು, ನನ್ನ ನೋಡಿದರು, ಎಡಗೈಯಲ್ಲಿ ಬಾಗಿಲು ತೋರಿಸಿದರು. ದಿನ ನೆನಪಿದೆ! "ಮುಂದಿನ ವರ್ಷ ನೋಡೋಣ ಅತ್ತೆ" ಅಂದೆ. ಗೋಡೆ ಕಡೆ ಮುಖ ಮಾಡಿದರು.
ಮಧ್ಯಾಹ್ನ ಗಂಜಿಯ ಚಮಚ ಬಾಯಿಗೆ ತಂದರೆ ತುಟಿ ಬಿಗಿ. ರಾತ್ರಿಯೂ.

ಮಾರ್ಚ್ 13
ನನ್ನ ಕೈಯಿಂದ ನೀರೂ ಮುಟ್ಟಲ್ಲ. ಇವರು ಕೊಟ್ಟರೆ ಎರಡು ಗುಟುಕು.
"ಏನಂದೆ ಅಮ್ಮಿಗೆ?"
"ಏನೂ ಅಂದಿಲ್ಲ. ಪರೀಕ್ಷೆಗೆ ಹೋಗಲಿಲ್ಲ, ಅದಕ್ಕೇ ಮುನಿಸು."
ಇವರು ಲೋಟ ಕೆಳಗಿಟ್ಟರು. ನಂಬಿದರೋ ಇಲ್ಲವೋ.
ನಾಳೆ ಪ್ರಾಕ್ಟಿಕಲ್. ಥಿಯರಿ ಆಮೇಲೆ ಕಟ್ಟಬಹುದು. ಇದು ತಪ್ಪಿದರೆ ಎಲ್ಲಾ ಮೊದಲಿಂದ.

ಮಾರ್ಚ್ 14, ಬೆಳಿಗ್ಗೆ
ಇವರು ಅಂಗಡಿ ತೆಗೆದಿಲ್ಲ. ಮಂಚದ ಪಕ್ಕ ಕುರ್ಚಿ ಎಳೆದು ಕೂತಿದಾರೆ. "ಹೊರಡು. ಬೇಗ ಬಾ." ಮುಖ ನೋಡಿ ಹೇಳಲಿಲ್ಲ.
ಬುರ್ಖಾ ಹಾಕ್ಕೊಂಡು ಅತ್ತೆ ಮುಂದೆ ನಿಂತೆ. ಚಮಚ ಹಿಡಿದೆ. ಬಾಯಿ ತೆರೆದರು. ಬಟ್ಟಲು ಪೂರ್ತಿ ಖಾಲಿ.
ಬಸ್ಸಿಗೆ ಹೊತ್ತಾಯ್ತು.

ಮಾರ್ಚ್ 23
ಅವತ್ತು ಪ್ರಾಕ್ಟಿಕಲ್‌ನಲ್ಲಿ ರಕ್ತದ ಸ್ಲೈಡಿಗೆ ಬಣ್ಣ ಸರಿಯಾಗಿ ಕೂತಿತ್ತು. ಖುಷಿಯಲ್ಲೇ ಬಂದೆ. ಮನೆ ಮುಂದೆ ಚಪ್ಪಲಿಗಳು. ಅಷ್ಟೊಂದು ಚಪ್ಪಲಿಗಳು.
ಅತ್ತೆಗೆ ಮತ್ತೊಮ್ಮೆ ಲಕ್ವ. ಆಸ್ಪತ್ರೆಗೆ ಎತ್ತುವಷ್ಟೂ ಹೊತ್ತು ಕೊಡಲಿಲ್ಲವಂತೆ.
ನಾದಿನಿ ಎಲ್ಲರೆದುರು ಕೇಳಿದಳು. "ಅಮ್ಮಿ ಕೊನೆಯುಸಿರು ಎಳೆಯುವಾಗ ಎಲ್ಲಿದ್ದೆ ಅತ್ತಿಗೆ?"
ಇವರು ಎದ್ದು ನಿಂತರು. "ಅಮ್ಮಿನೇ ಕಳಿಸಿದ್ದು. ಇಲ್ಲಿ ನಾನಿದ್ದೆ."
ಅದಾದ ಮೇಲೆ ಇವರೂ ನಾನೂ ಆ ಮಾತು ಎತ್ತಿಲ್ಲ. ಇವತ್ತಿಂದ ಇವರು ಅಂಗಡಿ ತೆಗೆದಿದಾರೆ. ಮನೇಲಿ ನಾನು, ಮಗು.
ಪ್ರಾಕ್ಟಿಕಲ್ ಪಾಸು. ಥಿಯರಿ ಬಾಕಿ. ಅದರ ಕ್ಲಾಸು ಜೂನಿಗೆ ಶುರು. ಮಗು ಎದ್ದು ಅಳ್ತಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ಇದನ್ನ ಯಾರ ಹತ್ರ ಬಿಟ್ಟು…