ಮೊಟ್ಟೆಯೊಳಗಿನ ರಾಜಿ ಪಂಚಾಯಿತಿ

ಹೊಸ ಹಿರೇಕೊಪ್ಪ, ಚಂದ್ರನ ಬೆನ್ನು
ಕ್ರಿ.ಶ. ೨೪೧೭, ಫೆಬ್ರುವರಿ ೩೧ (ನಮ್ಮಲ್ಲಿ ಆ ತಿಂಗಳು ಉದ್ದ)

ನಾಲ್ಕು ನೂರು ವರ್ಷ ಹಿಂದಿನ ಭೂಮಿಯ ಹಿರಿಯರಿಗೆ ಗದಿಗೆಪ್ಪನ ಶರಣು.

ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು. ಅದಕ್ಕಿಂತ ಮುಂದೆ ನನಗೆ ಕಲಿಸುವಂಥವರು ಸಿಗಲಿಲ್ಲ.

ನನ್ನ ಅಕ್ಕನ ಮಗಳು ಬಾಳವ್ವ ಇಲ್ಲಿ ಮರಿಮನೆ ನಡೆಸುತ್ತಾಳೆ. ಮರಿಮನೆಯೆಂದರೆ ತಾಯಿಕೋಳಿಯಿಲ್ಲದೆ ಮೊಟ್ಟೆಗೆ ಕಾವು ಕೊಡುವ ಕೋಣೆ. ಚಂದ್ರನ ಮೇಲೆ ಅದುವರೆಗೆ ಒಂದು ಮರಿಯೂ ಹೊರಬಂದಿರಲಿಲ್ಲ. ಈ ಸಲವೂ ಬರದಿದ್ದರೆ ಬಾಳವ್ವನನ್ನು ಹೊರಗೆ ಕಳಿಸಿ ಅಲ್ಲಿ ಬದನೆ ಬೆಳೆಯುವುದೆಂದು ಊರು ತೀರ್ಮಾನಿಸಿತ್ತು. ಉಳಿದದ್ದು ಒಂದೇ ಮೊಟ್ಟೆ.

ಒಡೆಯದೆಯೇ ಮೊಟ್ಟೆಯ ಒಳಗನ್ನು ತೋರಿಸುವ ‘ಒಳಗನ್ನಡಿ’ ನಮ್ಮಲ್ಲಿದೆ. ಅದರ ಕೆಳಗೊಂದು ತಿರುಗುಗುಂಡಿ; ಜೀನುಗಳು ಕೊಡುವ ಅಪ್ಪಣೆಯನ್ನು ಜೋರು ಮಾಡಲು, ತಗ್ಗಿಸಲು. ಭ್ರೂಣದ ಬೆನ್ನಿನುದ್ದಕ್ಕೂ ಕೋಶಗಳು ಗುಂಪು ಕಟ್ಟುತ್ತವೆ. ಮುಂದೆ ಅವೇ ಬೆನ್ನೆಲುಬಿನ ಮಣಿಗಳಾಗಬೇಕು. ಅಂಚಿನ ಕೋಶಗಳು ಜೀನಿನ ಅಪ್ಪಣೆಯಂತೆ ಮೈಮೇಲೆ ಒಂದು ಗುರುತು ಹೊತ್ತಿರುತ್ತವೆ. ಪಕ್ಕದ ಗುಂಪಿನ ಕೋಶವನ್ನು ಮುಟ್ಟಿದೊಡನೆ ಎರಡೂ ಹಿಂದೆ ಸರಿಯುತ್ತವೆ. ಹಾಗೆ ಸರಿದಲ್ಲೇ ಗಡಿ ಮೂಡುತ್ತದೆ.

ಮೊಟ್ಟೆಯನ್ನು ಊರ ಹಿರಿಯರು ನೋಡಿ ಹರಸುವುದು ನಮ್ಮ ಪದ್ಧತಿ. ಸಗನಪ್ಪನವರು ಬಂದರು; ಯಾರೂ ಕರೆಯದಿದ್ದರೂ ಹಿಂದೆಯೇ ನಾನೂ ನುಗ್ಗಿದೆ. ಜಗಳ ಕಂಡಲ್ಲಿ ರಾಜಿ ಮಾಡಿಸದಿದ್ದರೆ ಅವರಿಗೆ ಊಟ ಸೇರದು.

“ಇದೇನವ್ವಾ, ಒಬ್ಬರನ್ನೊಬ್ಬರು ಮುಟ್ಟಿಸಿಕೊಳ್ಳವಲ್ರು. ಒಂದ ಮನಿಯಾಗ ಹುಟ್ಟಿ ಹಿಂಗಿರಬಾರದು,” ಎನ್ನುತ್ತ ಗುಂಡಿಯನ್ನು ತಗ್ಗಿಸಿಬಿಟ್ಟರು.

ಕೋಶಗಳು ಅತ್ತಿಂದಿತ್ತ ನುಗ್ಗಿದವು. ಗಡಿಗಳೆಲ್ಲ ಕಲಸಿದ ಹಿಟ್ಟಾದವು.

“ನೋಡ್ರಿ, ಕೂಡಿದ್ರು,” ಎಂದು ಸಗನಪ್ಪನವರು ಮೀಸೆ ತಿರುವಿದರು.

ಬಾಳವ್ವ ಒಳಗನ್ನಡಿಗೆ ಕಣ್ಣಿಟ್ಟು ನೋಡಿ ಅಳತೊಡಗಿದಳು. “ಮಾಮಾ, ಹೋತು ನನ್ನ ಮರಿಮನಿ.”

“ಅಳಬ್ಯಾಡ. ರಾಜಿ ಮುರಿಯೂದ್ರಾಗ ನನ್ನಂಥಾವ ಈ ಚಂದ್ರನ ಮ್ಯಾಲ ಇನ್ನೊಬ್ಬಿಲ್ಲ.” ನಾನು ಗುಂಡಿಯನ್ನು ಜೋರಿಗೆ ತಿರುಗಿಸಿ, ಕೋಶಗಳನ್ನು ಬಾಯಿಗೆ ಬಂದಂತೆ ಬೈದೆ. ಅವು ಸರಿದವು. ಗಡಿಗಳು ಒಂದೊಂದಾಗಿ ಮೂಡಿದವು. ಬೈಗುಳದಿಂದ ಏನೂ ಆಗಲಿಲ್ಲವೆಂದು ಬಾಳವ್ವನ ವಾದ. ಇರಲಿ, ಚಿಕ್ಕವಳು.

ಮರಿ ಹೊರಬಂತು. ಕುತ್ತಿಗೆಯ ಎರಡು ಮಣಿ ಮಾತ್ರ ಅಂಟಿಕೊಂಡಿವೆ. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತದೆ, ಊರ ಗೌಡನ ಗತ್ತಿನಲ್ಲಿ. ಮರಿಮನೆ ಬಾಳವ್ವನಿಗೇ ಉಳಿಯಿತು. ಊರವರು ತಂದಿಟ್ಟಿದ್ದ ಬದನೆ ಸಸಿಗಳನ್ನು ಮರಿ ಕುಕ್ಕಿ ಮುಗಿಸುತ್ತಿದೆ.

ಈಗ ಒಂದು ಕೋರಿಕೆ. ನಮ್ಮ ಕಾಲದಲ್ಲಿ ಎಲ್ಲ ಜೀನುಗಳಿಗೂ ಹೆಸರಿಟ್ಟು ಮುಗಿದಿದೆ. ನಿಮ್ಮಲ್ಲಿ ಇನ್ನೂ ಕೆಲವು ಬಾಕಿ ಇವೆಯಂತೆ. ಗಡಿ ಕಾಯುವ ಒಂದಕ್ಕೆ ‘ಗದಿಗೆಪ್ಪ’ ಎಂದು ಇಟ್ಟುಬಿಡಿ. ಪಕ್ಕದಲ್ಲೇ ಕುಳಿತ ಬಾಳವ್ವ, “ಹೇಳದ ಕೇಳದ ಮಂದಿ ಮನಿಯಾಗ ನುಗ್ಗಾವನ ಹೆಸರ ಗಡಿ ಕಾಯೂದಕ್ಕ ಇಟ್ಟರ, ಮುಂದ ಹುಟ್ಟೂ ಕೋಳಿಗೆಲ್ಲಾ ಕುತ್ತಗಿನ ಇರೂದಿಲ್ಲ ಅಂತ ಬರಿ ಮಾಮಾ,” ಎನ್ನುತ್ತಿದ್ದಾಳೆ.

ಬರೆದಿದ್ದೇನೆ. ನೀವು ಓದಬೇಡಿ.