ದ್ವೀಪದವರೆಲ್ಲ ಸೇರಿ ಹೇಳಿದ ಸುಳ್ಳು

...ಇಲ್ಲ, ತಪ್ಪಾಯ್ತು, ಇನ್ನೊಂದ್ಸಲ ಮೊದ್ಲಿಂದ ಹೇಳ್ತೀನಿ. ಈಗಾಗ್ಲೇ ಮೂರು ಸಲ ರೆಕಾರ್ಡ್ ಮಾಡಿ ಅಳಿಸ್ದೆ ಕಣೋ, ಮೂರ್ನೇದ್ರಲ್ಲಿ ಬರೀ ಬೈಗುಳಾನೇ ಇತ್ತು. ಕಾಗ್ದ ಅಂದ್ರೆ ಮೇಲ್ಗಡೆ ಊರು, ತಾರೀಕು ಇರ್ಬೇಕು ಅಂತಿದ್ರು ಅಪ್ಪ. ಬರ್ಕೋ ಹಂಗಾದ್ರೆ: ಬೀರೂರು ಜಂಕ್ಷನ್ನು, ಡಿಸೆಂಬರ್ ಹದಿನಾಲ್ಕು, ಭಾನುವಾರ. ತಮ್ಮಾ ವೇಣು, ಹೆಂಗಿದೀಯಪ್ಪಾ? ಆ ಬೆನ್ನುನೋವು ಹೋಯ್ತಾ? ಒಂಬತ್ತು ವರ್ಷ ಕೇಳ್ಲಿಲ್ಲ, ಈಗ ಕೇಳ್ತಾ ಇದೀನಿ. ನಾವೆಲ್ಲ ಚೆನ್ನಾಗಿದೀವಿ. ನಿನ್ನತ್ತಿಗೆ ಕೋಮಲಾ ಅಲ್ಲಿ ಟಿಕೆಟ್ ಕ್ಯೂನಲ್ಲಿ ನಿಂತು ಯಾರ ಜೊತೆಗೋ ಜಗಳ ಆಡ್ತಾ ಇದಾಳೆ.

ಈಗ ನನ್ನ ಸಿಟ್ಟು ಕೇಳು. ಚಿಕ್ಕಪ್ಪನ ಮಗ ಶಶಿ ಟೂರಿಗೆ ಹೋದಾಗ ನಿನ್ನ ಕಂಡೆ ಅಂದ, ಯಾವ್ದೋ ದ್ವೀಪದ ಬಂದರಲ್ಲಿ ದೋಣಿ ರಿಪೇರಿ ಮಾಡ್ತಿದ್ದಾನೆ ಅಂತ. ಹೋದ ಸೋಮವಾರ ನಾನು ಹೊರಟ್ಬಿಟ್ಟೆ. ಆ ಊರಿಗೆ ಹೋಗೋದೊಂದೇ ದೋಣಿ, ಇಂಜಿನ್ ಇಲ್ಲ, ಬರೀ ಹಾಯಿ ಬಟ್ಟೆ. ಎಷ್ಟೊತ್ತಿಗೆ ಬಿಡ್ತೀರಿ ಅಂದ್ರೆ ದೋಣಿಯಾತ 'ಗಾಳಿ ಬಂದಾಗ' ಅಂದ. ನಾವು ದೇವನೂರಿನೋರು, ಕೆರೇಲಿ ಎಮ್ಮೆ ಬೆನ್ನ ಮೇಲೆ ಕೂತೋರು. ಸಮುದ್ರದ ಮೇಲೆ ಕೂತ್ರೆ ಹೊಟ್ಟೇಲಿರೋದು ಇರುತ್ತಾ? ಬಗ್ಗಿ ವಾಂತಿ ಮಾಡ್ಕೊತಾ ಹಾಯಿ ಹಗ್ಗ ಹಿಡ್ಕೊಂಡೆ ನೋಡು, ಕೈಗೆ ಗಂಟು ಸಿಕ್ತು. ಎರಡು ಸುತ್ತು, ಬಾಲ ಒಳಗೆ, ಒಂದೇ ಎಳೆತಕ್ಕೆ ಬಿಚ್ಕೊಳ್ಳೋದು. ಅಪ್ಪ ಹುಲ್ಲಿನ ಗಾಡಿಗೆ ಹಾಕ್ತಿದ್ದ ಗಂಟು ಕಣೋ! ಯಾರು ಹಾಕಿದ್ದು ಅಂದೆ. 'ನಮ್ಮ ವೇಣು ಮಾರಾಯ್ರೇ, ಎಂಥಾ ಗಾಳಿಗೂ ಜಾರೂದಿಲ್ಲ' ಅಂದ. ನಮ್ಮ ವೇಣು! ಯಾವತ್ತಿಂದ ಅವರ ವೇಣು ಆದೆ ನೀನು? ಅವನ ಅಣ್ಣ ನಾನು ಅಂದೆ. ಅಷ್ಟೇ, ಅವನ ಮುಖಕ್ಕೆ ಬೀಗ ಬಿತ್ತು. 'ಯಾವ ವೇಣು? ನನಗೆ ಗೊತ್ತಿಲ್ಲ.'

ಬಂದರಲ್ಲೂ ಅದೇ. ಬಲೆ ಹೆಣೀತಿದ್ದೋರು, ಟೀ ಅಂಗ್ಡಿಯೋನು, ಮೀನು ಒಣ್ಗಿಸ್ತಿದ್ದ ಹೆಂಗಸ್ರು, ಎಲ್ರೂ ಒಂದೇ ಬಾಯಲ್ಲಿ 'ಆ ಹೆಸರಿನೋರು ಇಲ್ಲ'. ಟೀ ಕೊಟ್ರು, ನೆರಳಲ್ಲಿ ಕೂರ್ಸಿದ್ರು, ನಿಂಬೆಹಣ್ಣು ಮೂಸಿಸಿದ್ರು, ನಿನ್ನನ್ನ ಮಾತ್ರ ಕೊಡ್ಲಿಲ್ಲ. ನಾನೇನು ವಾರಂಟ್ ತಂದಿದ್ನಾ? ನನ್ನ ರಕ್ತ ಕುದೀತು. ಕೊನೆಗೆ ಒಬ್ಬ ಮುದುಕಿ ಹತ್ರ ಬಂದು ನನ್ನ ಕೈನೇ ನೋಡ್ತಾ, 'ಹೊಡ್ದ ಅಣ್ಣ ನೀವೇಯಾ?' ಅಂದ್ಳು.

ಹೂಂ ಕಣೋ, ಹೊಡ್ದೆ. ಅಪ್ಪನ ಮಣ್ಣಿಗೆ ನೀನು ಲೇಟಾಗಿ ಬಂದೆ ಅಂತ ಗುಂಡಿ ಪಕ್ಕ ಇಡೀ ಊರಿನೆದುರು ಕಪಾಳಕ್ಕೆ ಹೊಡ್ದೆ. ನಿನ್ನ ಟ್ರೈನು ಕಡೂರಲ್ಲಿ ಮೂರು ಗಂಟೆ ಹೊತ್ತು ನಿಂತಿತ್ತಂತೆ, ಹನ್ನೊಂದ್ನೇ ದಿನಕ್ಕೆ ನಂಗೆ ಗೊತ್ತಾಯ್ತು. ನೀನು ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ? ಒಂದು ಮಾತು! ಹೆಗಲ ಮೇಲಿನ ಟವಲ್ ಕೊಡವ್ಕೊಂಡು ಹೊರಟ್ಬಿಟ್ಟೆ ನೀನು. ಒಂಬತ್ತು ವರ್ಷ ಅವ್ವನ ಎದುರು ಅನ್ನ ತಿಂದೋನು ನಾನು, ನೀನಲ್ಲ. ಅವಳು ಒಂದ್ಸಲಾನೂ ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಆ ಮುದುಕಿ ನಿನ್ನ ಈ ನಂಬರ್ ಕೊಟ್ಟು, 'ಫೋನ್ ಮಾಡ್ಬೇಡಿ, ಹೇಳಿ ಕಳ್ಸಿ. ಕೇಳ್ಬೇಕನ್ಸಿದ್ರೆ ಕೇಳ್ತಾನೆ' ಅಂದ್ಳು. ಅದಕ್ಕೇ ಈ ಒಬ್ಬಂಟಿ ಮಾತು. ನೀನೂ ನಿನ್ನ ಗಂಟೂ ಗಟ್ಟಿಯಾಗಿರಿ, ಅಪ್ಪ ಮೇಲಿಂದ ನೋಡ್ಕೊಳ್ಳಲಿ. ಹೇಳ್ದೋನು, ಇನ್ನೂ ಸಿಟ್ಟು ಇಳೀದಿರೋ ನಿನ್ನಣ್ಣ ಹೊನ್ನೇಶ.

ಲೇ, ಮುಖ್ಯವಾದ್ದೇ ಬಿಟ್ಟೋಯ್ತು. ಅವ್ವ ಬತ್ತಾ ಇದಾಳೆ ಕಣೋ. ಪಕ್ಕದಲ್ಲೇ ಬೆಂಚಿನ ಮೇಲೆ ಕೂತವ್ಳೆ, ರೊಟ್ಟಿ ಗಂಟು ತೊಡೆ ಮೇಲೆ. ತಾಳಗುಪ್ಪ ಟ್ರೈನು, ಅಲ್ಲಿಂದ ಬಸ್ಸು, ನಾಳೆ ಬೆಳಿಗ್ಗೆ ದೋಣಿ. ನಂಗೆ ದೋಣಿ ಹತ್ತಬೇಡ ಅಂದವ್ಳೆ: 'ನೀನಿದ್ರೆ ಅವನು ಬರಲ್ಲ.' ನಾನು ದಡದಲ್ಲೇ ಇರ್ತೀನಿ. ನಿಮ್ಮೂರೋರಿಗೆ ಹೇಳು, ಅವಳಿಗೂ ಯಾವ ವೇಣು ಅಂತ ಕೇಳ್ಬೇಡ್ರಿ ಅಂತ. ಇಳಿಯೋ ಹಲಗೆ ಪಾಚಿ ಕಟ್ಟಿದೆ, ಎಪ್ಪತ್ತಾರು ವರ್ಷ ಅವಳಿಗೆ, ಕೈ ಹಿಡ್ಕೋ. ವಾಪಸ್ ದೋಣೀಲಿ ಅವಳೊಬ್ಳೇ ಬಂದ್ರೂ ನಾನೇನೂ ಕೇಳಲ್ಲ. ಹೊಡ್ದಿದ್ದು ನನ್ನ ತಪ್ಪು. ಹ್ಞಾಂ ಕೋಮಲಾ, ಬಂದೆ ಕಣೇ, ಅವ್ವನ್ನ ಹತ್ತಿಸ್ಬೇಕು, ಇಡ್ತೀನಿ.