ಬೆಳಗಾಗುವಷ್ಟರಲ್ಲಿ ಕೂರುವ ಕಾರು

ಜೂನ್ 5, ಸೋಮವಾರ, ಬೆಳಿಗ್ಗೆ

ಮತ್ತೆ ಕೂತಿದೆ. ಹಿಂದಿನ ಎಡಗಡೆ. ನಿನ್ನೆ ಸಂಜೆ ಚಕ್ರದ ಮೇಲೆ ನಾಲ್ಕು ಬೆರಳು ಸಂದಿ ಇತ್ತು, ಈಗ ಕಿರುಬೆರಳೂ ಹೋಗದು. ಸ್ಟಾರ್ಟ್ ಮಾಡಿದೆ. ಕಂಪ್ರೆಸರ್ ಗೊರ್ ಎಂದು ಗೊಣಗಿತು. ಕಾರು ಮೆಲ್ಲಗೆ ಎದ್ದಿತು, ಮೊಣಕಾಲಿಗೆ ಕೈಯೂರಿ ಏಳುವ ಮುದುಕನ ಹಾಗೆ. ಅಂದರೆ ನನ್ನ ಹಾಗೆ.

ನನ್ನ ಗಿರಾಕಿ ಡಾಕ್ಟರೊಬ್ಬರು ತಮ್ಮ ಈ ಹಳೇ ಕಾರನ್ನು ನನ್ನ ತಲೆಗೆ ಕಟ್ಟಿದ್ದೇ ಒಂದು ಮಾತು ಹೇಳಿ. "ಇದಕ್ಕೆ ಸ್ಪ್ರಿಂಗ್ ಇಲ್ಲ, ಗಾಳಿ ತುಂಬಿದ ರಬ್ಬರ್ ಚೀಲದ ಮೇಲೆ ನಿಲ್ಲುತ್ತೆ. ನೀವು ಹಾರ್ಮೋನಿಯಂ ರಿಪೇರಿಯೋರು, ಗಾಳಿ ನಿಮ್ಮ ಮಾತು ಕೇಳುತ್ತೆ." ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡು... ಮಹಾರಾಜನೇ. ಬೆಳಗಾದರೆ ಕುಂಟ ಮಹಾರಾಜ.

ಇವಳು ಬಾಗಿಲಲ್ಲಿ ನಿಂತು ನೋಡಿದಳು. "ಬರೋ ಭಾನುವಾರದೊಳಗೆ ನೆಟ್ಟಗೆ ನಿಲ್ಲಿಸಿ. ಇಲ್ಲಾಂದ್ರೆ ತಮ್ಮ ಬಂದು ಗುಜರಿಗೆ ಎಳ್ಕೊಂಡು ಹೋಗ್ತಾನೆ. ನನಗೆ ಬಟ್ಟೆ ಒಣಗಿಸೋಕೆ ಜಾಗ ಬೇಕು."

ತಮ್ಮ ಅಂದರೆ ನನ್ನ ಭಾಮೈದ. ಗುಜರಿ ಅಂಗಡಿ ಅವನದೇ. ಕಾರು ಕಂಡಾಗೆಲ್ಲ ಕಬ್ಬಿಣ ತೂಗುವ ಕಣ್ಣು.

ಕೊಡುವುದಿಲ್ಲ. ಜೀವಮಾನವೆಲ್ಲ ಇವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಅವಳ ತೊಡೆಯ ಮೇಲೊಂದು ಹಾರ್ಮೋನಿಯಂ ಹೇರಿ ಓಡಾಡಿದವನು ನಾನು. ಒಂದು ಸಲವಾದರೂ ಬರಿಗೈಯಲ್ಲಿ, ಮೆತ್ತನೆ ಸೀಟಿನಲ್ಲಿ ಅಣೆಕಟ್ಟಿನ ತನಕ ಕರೆದುಕೊಂಡು ಹೋಗಬೇಕು. ಅಷ್ಟೇ ಆಸೆ.

ಅದೇ ದಿನ, ಸಂಜೆ

ಸಾಬೂನು ನೀರು ಕಲಸಿ ಚೀಲದ ಸುತ್ತ ಬ್ರಷ್ಷಿನಿಂದ ಹಚ್ಚಿದೆ. ಸೋರಿದರೆ ಗುಳ್ಳೆ ಏಳಬೇಕು. ಏಳಲಿಲ್ಲ. ಕಿವಿಯಿಟ್ಟೆ. ಸದ್ದೂ ಇಲ್ಲ. ಹಾರ್ಮೋನಿಯಂ ತಿದಿಯಲ್ಲಿ ಸೂಜಿ ತೂತಿದ್ದರೂ ಹಿಡಿಯುವ ಕಿವಿ ಇದು!

ಇವಳು ಬಟ್ಟೆ ತೆಗೆಯಲು ಬಂದವಳು, "ರೀ, ಮುಂದುಗಡೆಯಿಂದ ಸುಯ್ ಅಂತಿದೆ" ಎಂದಳು.

"ಹಿಂದೆ ಕೂತಿರೋ ಕಾರು ಮುಂದೆ ಸೋರುತ್ತೇನೆ? ಒಳಗೆ ಕುಕ್ಕರ್ ಇರಬೇಕು, ನೋಡು ಹೋಗು."

"ಕುಕ್ಕರ್ ಇಟ್ಟೇ ಇಲ್ಲ."

ಹೆಂಗಸರ ಜೊತೆ ವಾದ ಬೇಡ ಎಂದು ಮತ್ತೆ ಹಿಂದಿನ ಚೀಲಕ್ಕೇ ಕಿವಿಯಿಟ್ಟೆ.

ಜೂನ್ 6

ರಾತ್ರಿಯೆಲ್ಲ ಯೋಚಿಸಿ ಗುಟ್ಟು ಹಿಡಿದೆ. ತಿದಿ ಹರಿಯುವುದು ಮಡಿಕೆಯಲ್ಲಿ. ಚೀಲವೂ ಮಡಚಿದಾಗ ಮಾತ್ರ ಸೋರುತ್ತಿರಬೇಕು! ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಮಡಿಕೆಯನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿದೆ. ತಿದಿಗೆ ಹಾಕುವ ಮೇಕೆ ಚರ್ಮ, ಅದೇ ಅಂಟು. ಎಂಥ ನಾಜೂಕು ತೇಪೆ. ಇವಳನ್ನು ಕರೆದು ತೋರಿಸಿದೆ. "ಚೆನ್ನಾಗಿದೆ, ಪರ್ಸ್ ಹಾಗಿದೆ" ಎಂದಳು.

ಮಧ್ಯಾಹ್ನ ಸ್ಟಾರ್ಟ್ ಮಾಡಿದೆ. ಏಳುತ್ತಿದೆ... ಏಳುತ್ತಿದೆ... ಢಬ್!

ತೇಪೆ ಪಕ್ಕದ ಮನೆಯ ಗೋಡೆಗೆ ಅಂಟಿತ್ತು. ಅಲ್ಲಿ ಮಾತ್ರ ಭದ್ರವಾಗಿ.

ಬೀದಿ ಕೊನೆಯ ಗ್ಯಾರೇಜಿನ ಮೇಸ್ತ್ರಿಯನ್ನು ಕರೆತಂದೆ. ಅವನು ಚೀಲ ನೋಡಿದ, ಗೋಡೆ ನೋಡಿದ, ಅಲ್ಲೇ ನೆಲದ ಮೇಲೆ ಕೂತು ನಕ್ಕ. "ಯಜಮಾನ್ರೇ, ನಿಮ್ಮ ತಿದಿ ಬೆರಳಲ್ಲಿ ಒತ್ತೋದು. ಇದು ಅರ್ಧ ಟನ್ ಹೊರೋದು! ಗಟ್ಟಿಮುಟ್ಟಾಗಿದ್ದ ಚೀಲನ ನೀವೇ ಉಜ್ಜಿ ಉಜ್ಜಿ ತೂತು ಮಾಡಿದ್ದೀರಲ್ಲ. ಇನ್ನೊಂದು ಮಾತು, ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕ್ಬೇಡಿ."

ಗಾಳಿ ಗುದ್ದಿ ಮೈ ನೋಯಿಸಿಕೊಂಡೆ. ಗಾದೆ ಕಟ್ಟಿದವನು ನನ್ನನ್ನು ನೋಡಿಯೇ ಕಟ್ಟಿರಬೇಕು.

ಜೂನ್ 8

ಹೊಸ ಚೀಲ ನಿನ್ನೆ ಹಾಕಿಯಾಯಿತು. ಇವತ್ತು ಬೆಳಿಗ್ಗೆ ನೋಡಿದರೆ ಕೂತಿದೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೇಸ್ತ್ರಿ ತಲೆ ಕೆರೆದುಕೊಂಡ. ಭಾಮೈದನೂ ಬಂದಿದ್ದ, ಹೆಜ್ಜೆ ಹಾಕಿ ಕಾರಿನ ಉದ್ದ ಅಳೆಯುತ್ತಿದ್ದ.

ಇವಳು ಕಿಟಕಿಯಿಂದಲೇ ಹೇಳಿದಳು. "ಮೇಸ್ತ್ರಿ, ಮುಂದುಗಡೆ ಬಲಗಡೆ ದೀಪದ ಹಿಂದೆ ನೋಡಪ್ಪ. ಸೋಮವಾರದಿಂದ ಬಡ್ಕೋತಾ ಇದ್ದೀನಿ."

ಮೇಸ್ತ್ರಿ ಬಾಗಿದ. "ಹೌದಲ್ಲಮ್ಮ! ಹಾವು ಬುಸುಗುಟ್ಟಿದ ಹಾಗೆ!" ಭಾಮೈದನೂ ಬಾಗಿ, "ಕೇಳ್ತಿದೆ ಭಾವ" ಎಂದ. ನಾನೂ ಬಾಗಿದೆ. ಏನಿಲ್ಲ.

ಸಾಬೂನು ನೀರು ಬಿಟ್ಟದ್ದೇ ತಡ, ದ್ರಾಕ್ಷಿ ಗಾತ್ರದ ಗುಳ್ಳೆಗಳು. ನಾಲ್ಕೂ ಚಕ್ರಕ್ಕೆ ಗಾಳಿ ಹಂಚುವ ಡಬ್ಬಿ ಅಲ್ಲೇ ಇದೆಯಂತೆ. ಹಿಂದಿನ ಎಡ ಚೀಲದ ಪೈಪು ಹೊರಡುವುದೂ ಅಲ್ಲಿಂದಲೇ. ಪೈಪು ಸೇರುವ ಕಡೆ ಸೋರುತ್ತಿತ್ತು. ಮುಂದೆ ಸೋರಿ ಹಿಂದೆ ಕೂತಿದೆ.

ಎಲ್ಲರೂ ಕುಣಿದರು. ನಾನೂ ನಕ್ಕೆ. ಆದರೆ ಗುಳ್ಳೆ ಕಣ್ಣೆದುರು ಏಳುತ್ತಿದೆ, ಕಿವಿ ಅದಕ್ಕೆ ತಾಗುವಷ್ಟು ಹತ್ತಿರ ಇದೆ... ಸದ್ದಿಲ್ಲ. ಭಯವಾಯಿತು. ಈ ಕಿವಿ ಹೋದರೆ ನನ್ನ ಕಸುಬಿನ ಗತಿ ಏನು?

ಜೂನ್ 9

ಕೇಳಿಯೇ ಬಿಟ್ಟೆ. "ನನ್ನ ಕಿವಿ ಮಂದ ಆಗಿದೆ. ನಿನಗೆ ಗೊತ್ತಿತ್ತಾ?"

"ಸಣ್ಣ ಸದ್ದಿಗೆ ಮಾತ್ರ. ಎರಡು ವರ್ಷ ಆಯ್ತು." ತರಕಾರಿ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ.

"ಮತ್ತೆ ನಾನು ರಿಪೇರಿ ಮಾಡಿ ಕೊಟ್ಟ ಪೆಟ್ಟಿಗೆಗಳು? ಯಾವ ಗಿರಾಕಿನೂ ವಾಪಸ್ ತಂದಿಲ್ಲವಲ್ಲ?"

"ಹೇಗೆ ತರ್ತಾರೆ? ಮಧ್ಯಾಹ್ನ ನೀವು ಗೊರಕೆ ಹೊಡೀವಾಗ ನಾನು ಒಂದೊಂದೇ ತಿದಿ ಒತ್ತಿ ನೋಡ್ತೀನಿ. ಸೋರಿದ್ರೆ ಚೂರು ಚರ್ಮ, ಚೂರು ಅಂಟು."

ಮೈಯೆಲ್ಲ ಉರಿಯಿತು. ನನ್ನ ಬೆಂಚು, ನನ್ನ ಅಂಟು, ನನ್ನ ಹೆಸರು! "ಯಾಕೆ ಹೇಳಲಿಲ್ಲ?" ಎಂದು ಕೂಗಿದೆ.

"ಹೇಳಿದ್ದೆ ಕಣ್ರೀ. ನಿಮಗೆ ಕೇಳಿಸ್ಲಿಲ್ಲ."

ಅವಳ ಬಾಯಿಂದ ನಗೆ ಪುಸಕ್ಕೆಂದಿತು, ನನ್ನದೂ ತಡೆಯಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನ್ನ ಅಂಗಡಿ ನಡೆದದ್ದೇ ಆ ಮದ್ದಿನಿಂದ.

ಜೂನ್ 10

ಬೆಂಚಿನ ಪಕ್ಕ ಇನ್ನೊಂದು ಕುರ್ಚಿ ಹಾಕಿದೆ. ಸ್ವರ ನನಗೆ ಇನ್ನೂ ಚೆನ್ನಾಗಿ ಕೇಳುತ್ತದೆ, ಅದು ನನ್ನ ಪಾಲು. ಸೋರಿಕೆ ಅವಳ ಪಾಲು. ಕೂತು ಐದು ನಿಮಿಷ ಆಗಿಲ್ಲ, "ಇದೇನು ಕೊಳಕು ಬೆಂಚು!" ಎಂದು ನನ್ನ ಉಳಿಗಳನ್ನೆಲ್ಲ ಬೇರೆ ಜಾಗಕ್ಕೆ ಜೋಡಿಸಿದಳು. ಒಂದೂ ಸಿಗುತ್ತಿಲ್ಲ. ಖುಷಿಯಾಗಿದ್ದೇನೆ.

ಸಂಜೆ ಮೇಸ್ತ್ರಿ ಬಂದು ಪೈಪಿನ ಸವೆದ ತುದಿ ನೇರ ಕತ್ತರಿಸಿ ಹೊಸ ನಟ್ಟು ಹಾಕಿದ. ಸಾಬೂನು ನೀರು ಬಿಟ್ಟ. ಗುಳ್ಳೆ ಇಲ್ಲ. ಆದರೂ ಬೆಳಗಾಗಲಿ.

ಜೂನ್ 11, ಭಾನುವಾರ, ಬೆಳಿಗ್ಗೆ

ನಿಂತಿದೆ! ನಾಲ್ಕೂ ಕಡೆ ನಾಲ್ಕು ಬೆರಳು. ಲುಂಗಿಯಲ್ಲೇ ಅಂಗಳದ ತುಂಬ ಕುಣಿದೆ.

ಭಾಮೈದ ಹಗ್ಗ ತಂದಿದ್ದ. "ಭಾವ, ಕೆಳಗೆ ಇಟ್ಟಿಗೆ ಕೊಟ್ಟಿದ್ದೀರಾ?" ಎಂದು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದ. ಇಟ್ಟಿಗೆ ಇಲ್ಲ. ಅವನನ್ನೇ ಹಗ್ಗದ ಸಮೇತ ಹಿಂದಿನ ಸೀಟಿಗೆ ತಳ್ಳಿದ್ದೇನೆ. ಕೂತವನೇ ಚರ್ಮ ಸವರಿ, "ಇದನ್ನ ಗುಜರಿಗೆ ಹಾಕೋದು ಪಾಪ" ಎನ್ನುತ್ತಿದ್ದಾನೆ. ನಾಚಿಕೆ ಇಲ್ಲದವನು.

ಇವಳು ಮನೆಗೆ ಬೀಗ ಹಾಕುವಷ್ಟರಲ್ಲಿ ಸ್ಟೀರಿಂಗ್ ಮೇಲೆ ಡೈರಿ ಇಟ್ಟು ಬರೆಯುತ್ತಿದ್ದೇನೆ. ಬಂದಳು. ಬರಿಗೈ. ತೊಡೆಯ ಮೇಲೆ ಏನೂ ಇಲ್ಲ. ಸೀಟಿಗೆ ಒರಗಿ ಕಣ್ಣು ಮುಚ್ಚಿ ನಕ್ಕಳು.

"ಡೈರಿ ಮುಚ್ಚಿ, ಹೊರಡಿ" ಎನ್ನುತ್ತಿದ್ದಾಳೆ. ಎರಡನೇ ಸಲ ಹೇಳಿದಳು. ಇವಳ ದನಿ ನನಗೆ ಒಂದಕ್ಷರ ಬಿಡದೆ ಕೇಳುತ್ತದೆ. ಕೇಳಿಸದವನ ಹಾಗೆ ಬರೆಯುತ್ತಿದ್ದೇನೆ. ಮಂದ ಕಿವಿಗೆ ಇದೊಂದು ಲಾಭ. ಈಗ ಕಿವಿಯ ಹತ್ತಿರವೇ ಬಾಯಿ ತಂದು, "ಎಲ್ಲ ಕೇಳ್ತಿದೆ ನಿಮಗೆ, ಗೊತ್ತು ನಂಗೆ" ಎಂದು ಪೆನ್ನಿಗೆ ಕೈ ಹಾ—